ಕಲ್ಲಿನ ಮೇಲೆ ಯಾವ ಪದ? ಇಂಗ್ಲಿಷಿನ 'ಬೆರಿ' ಮತ್ತು 'ಇಂಟರ್' ನಡುವೆ ಆರಿಸುವ ಬಗೆ

ಕಳೆದ ತಿಂಗಳು ವಿರಾಜಪೇಟೆಯಿಂದ ಒಬ್ಬರು ಫೋನ್ ಮಾಡಿದ್ದರು. ತೀರಿಕೊಂಡ ಚಿಕ್ಕಮ್ಮನ ಸಮಾಧಿಗೆ ಕಲ್ಲು ಕೆತ್ತಿಸುತ್ತಿದ್ದಾರೆ. ಮಕ್ಕಳು, ಮೊಮ್ಮಕ್ಕಳು ಹೊರದೇಶದಲ್ಲಿ. ಹಾಗಾಗಿ ಕಲ್ಲಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. "ಬೆರೀಡ್ ಅಂತ ಹಾಕೋದಾ, ಇಂಟರ್ಡ್ ಅಂತ ಹಾಕೋದಾ? ಬೆರೀಡ್ ಅಂದ್ರೆ ಹೂತು ಹಾಕಿದ ಹಾಗೆ ಕೇಳುತ್ತೆ, ಅಲ್ವಾ?" ಅಂತ ಕೇಳಿದರು.

ಮಡಿಕೇರಿಯಲ್ಲಿ ಜನರಿಗೆ ಇಂಗ್ಲಿಷ್ ಅರ್ಜಿ, ಪ್ರಕಟಣೆ, ಆಮಂತ್ರಣ ಬರೆದುಕೊಡುವುದು ನನ್ನ ಕೆಲಸ. ಈ ಪ್ರಶ್ನೆ ನನಗೆ ಹೊಸದಲ್ಲ. ಇಲ್ಲಿನ ರಾಜರ ಗದ್ದುಗೆಯ, ಅಂದರೆ ಸಮಾಧಿಯ, ಬಗ್ಗೆ ಪ್ರವಾಸಿಗರಿಗಾಗಿ ಟಿಪ್ಪಣಿ ಬರೆಯುತ್ತಿದ್ದ ಕಾಲೇಜು ಹುಡುಗಿಯೂ ಇದನ್ನೇ ಕೇಳಿದ್ದಳು. ಭೂಕುಸಿತದ ಸುದ್ದಿ ಬರೆಯುವ ಹುಡುಗನೂ ಕೇಳಿದ್ದ. ಡಿಕ್ಷನರಿ ತೆಗೆದರೆ ಎರಡಕ್ಕೂ 'ಹೂಳು, ಸಮಾಧಿ ಮಾಡು' ಎಂದಿರುತ್ತದೆ. ಅಲ್ಲಿಗೆ ಡಿಕ್ಷನರಿಯ ಕೆಲಸ ಮುಗಿಯಿತು. ಆರಿಸುವ ಕಷ್ಟ ನಮಗೇ ಉಳಿಯಿತು.

ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆದಿಡುತ್ತೇನೆ.

ಮೊದಲು ಏನು ನೋಡಬೇಕು

ಪದ ಆರಿಸುವ ಮುಂಚೆ ನಾನು ಐದು ಪ್ರಶ್ನೆ ಕೇಳುತ್ತೇನೆ. ಮಣ್ಣಿಗೆ ಹೋಗುತ್ತಿರುವುದು ಏನು: ಮನುಷ್ಯರ ದೇಹವೋ, ಚಿತಾಭಸ್ಮವೋ, ಪ್ರಾಣಿಯೋ, ವಸ್ತುವೋ? ಅಲ್ಲಿ ವಿಧಿಪೂರ್ವಕ ಕ್ರಿಯೆ ನಡೆದಿದೆಯೋ ಇಲ್ಲವೋ? ಇಟ್ಟ ಜಾಗ ಮಣ್ಣಿನ ಗುಂಡಿಯೋ, ಕಟ್ಟಡದೊಳಗಿನ ಗೂಡೋ? ಓದುವವರು ಮನೆಯವರೋ, ಕಚೇರಿಯವರೋ, ದಾರಿಯಲ್ಲಿ ಹೋಗುವ ಅಪರಿಚಿತರೋ? ಕೊನೆಯದು ಜಾಗ ಮತ್ತು ಹಣ. ಪತ್ರಿಕೆಯವರು ಅಳತೆ ಹಿಡಿದು ದುಡ್ಡು ತೆಗೆದುಕೊಳ್ಳುತ್ತಾರೆ. ಕಲ್ಲು ಕೆತ್ತುವವರಲ್ಲಿ ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ ಹಾಕುವವರಿದ್ದಾರೆ.

ಇದರಲ್ಲಿ ಮೊದಲನೆಯ ಪ್ರಶ್ನೆಗೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

'ಬೆರಿ': ಮನೆಯ ಪದ

ಬರೆಯುವುದು ಬಿ-ಯು-ಆರ್-ವೈ. ನಮ್ಮಲ್ಲಿ ಬಹಳ ಜನ 'ಬರಿ' ಎನ್ನುತ್ತಾರೆ, ಕೆಲವರು 'ಬ್ಯೂರಿ' ಎನ್ನುತ್ತಾರೆ. ಸರಿಯಾದ ಉಚ್ಚಾರ 'ಬೆರಿ'. ಕಾಫಿ ಬೆರಿ ಅನ್ನುತ್ತೇವಲ್ಲ, ಥೇಟ್ ಅದೇ. ಬರವಣಿಗೆ ಇಂಗ್ಲೆಂಡಿನ ಒಂದು ಸೀಮೆಯ ಆಡುಮಾತಿನಿಂದ ಬಂತು, ಉಚ್ಚಾರ ಕೆಂಟ್ ಎಂಬ ಇನ್ನೊಂದು ಸೀಮೆಯಿಂದ ಬಂತು. ಅದಕ್ಕೇ ಎರಡೂ ಹೊಂದುವುದಿಲ್ಲ. ಕೊಡಗಿನವರಿಗೆ ಇದನ್ನು ನೆನಪಿಡುವುದು ಸುಲಭ. ಬೆರಿ ಬೋರರ್ ಎಂಬ ಕೊರೆಯುವ ಹುಳು ಹತ್ತಿದ ಉದುರು ಕಾಫಿ ಕಾಯಿಗಳನ್ನು ಆರಿಸಿ ಸುಡುತ್ತೇವೆ, ಇಲ್ಲವೇ ಹೂಳುತ್ತೇವೆ. ತೋಟದ ರಿಜಿಸ್ಟರಿನಲ್ಲಿ ಆ ಹೂಳುವುದಕ್ಕೆ ಬರೆಯುವ ಪದವೂ ಇದೇ.

ಈ ಪದಕ್ಕೆ ಎಲ್ಲವೂ ಸಲ್ಲುತ್ತದೆ. ಮನುಷ್ಯರು, ನಾಯಿ, ನಿಧಿ, ಕೇಬಲ್, ಗೊಬ್ಬರ, ಕೊಳೆತ ಕಾಯಿ. ವಿಧಿ ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಮನುಷ್ಯನ ಕೈಯೇ ಇರಬೇಕೆಂದಿಲ್ಲ. ಗುಡ್ಡ ಜಾರಿ ಮನೆ ಮುಚ್ಚಿಹೋದರೂ ಇದೇ ಪದ. ಕೆಲಸದಲ್ಲಿ ಮುಳುಗಿದವರಿಗೆ, ಅಂಗೈಯಲ್ಲಿ ಮುಖ ಮುಚ್ಚಿಕೊಂಡವರಿಗೆ, ಹಳೆಯ ಜಗಳ ಮರೆತು ರಾಜಿಯಾದವರಿಗೆ ಇಂಗ್ಲಿಷಿನವರು ಬಳಸುವುದೂ ಇದನ್ನೇ. ಒಟ್ಟಿನಲ್ಲಿ ಇದರ ಹುರುಳು 'ಕಾಣದ ಹಾಗೆ ಮುಚ್ಚುವುದು'. ನಮ್ಮ 'ಹೂಳು' ಕೂಡ ಹಾಗೇ ಅಲ್ವಾ? ಹಳಗನ್ನಡದಲ್ಲಿ ಅದು 'ಪೂೞ್'. ಹೆಣವನ್ನೂ ಹೂಳುತ್ತೇವೆ, ಹಣವನ್ನೂ ಹೂಳುತ್ತೇವೆ, ಕೆಸರಿನಲ್ಲಿ ಕಾಲೂ ಹೂತುಹೋಗುತ್ತದೆ.

ಇಲ್ಲೇ ನಮ್ಮವರು ಎಡವುವುದು. ಕನ್ನಡದಲ್ಲಿ ಹಿರಿಯರ ಬಗ್ಗೆ 'ಹೂತರು' ಅಂದರೆ ಕಿವಿಗೆ ಚುಚ್ಚುತ್ತದೆ. 'ಮಣ್ಣು ಮಾಡಿದರು' ಅನ್ನುತ್ತೇವೆ, 'ಸಮಾಧಿ ಮಾಡಿದರು' ಅನ್ನುತ್ತೇವೆ. 'ಸತ್ತರು' ಅನ್ನದೆ 'ತೀರಿಕೊಂಡರು' ಅಂದ ಹಾಗೆ. ಆ ಚುಚ್ಚು ಇಂಗ್ಲಿಷಿಗೂ ಇದೆ ಎಂದುಕೊಂಡು 'ಬೆರಿ'ಯನ್ನು ಬಿಟ್ಟು ದೊಡ್ಡ ಪದ ಹುಡುಕುತ್ತೇವೆ. ಇಂಗ್ಲಿಷಿನಲ್ಲಿ ಆ ಚುಚ್ಚು ಇಲ್ಲ. ಅಪ್ಪನನ್ನು ಕಳೆದುಕೊಂಡ ಇಂಗ್ಲಿಷ್ ಮಗಳು 'ಮಂಗಳವಾರ ಅಪ್ಪನನ್ನು ಬೆರಿ ಮಾಡಿದೆವು' ಅಂತಲೇ ಅಳುತ್ತಾ ಹೇಳುವುದು. 1813ರಿಂದ ಇಂಗ್ಲೆಂಡಿನ ಚರ್ಚುಗಳಲ್ಲಿ ಅಚ್ಚು ಹಾಕಿದ ರಿಜಿಸ್ಟರ್ ಬಂತು. ಅದರ ಕಾಲಮ್ಮಿನ ತಲೆಯ ಮೇಲೆ ಇದ್ದದ್ದೂ 'ಯಾವಾಗ ಬೆರೀಡ್' ಎಂದೇ. ಬಡವರಿಗೂ ಅದೇ, ಜಮೀನ್ದಾರರಿಗೂ ಅದೇ.

ಪದದ ಬೇರು ನೋಡಿದ ಮೇಲಂತೂ ನನಗೆ ಇದರ ಮೇಲೆ ಪ್ರೀತಿ ಜಾಸ್ತಿಯಾಯಿತು. 'ಬೆರಿ' ಹಳೆಯ ಇಂಗ್ಲಿಷಿನ ಸ್ವಂತ ಪದ. ಅದರ ಒಡಹುಟ್ಟಿದ ಪದಗಳಿಗೆ 'ಕಾಪಾಡು, ಆಸರೆ ಕೊಡು' ಎಂಬ ಅರ್ಥ ಇತ್ತು. ಮಣ್ಣಿನಲ್ಲಿ ಮುಚ್ಚುವುದು ಅಂದರೆ ನರಿ ನಾಯಿಗೆ ಸಿಗದ ಹಾಗೆ, ಮಳೆ ಗಾಳಿಗೆ ಬೀಳದ ಹಾಗೆ ಕಾಪಾಡುವುದು. ಇದನ್ನು ಒರಟು ಅಂತ ಹೇಗೆ ಹೇಳುವುದು?

'ಇಂಟರ್': ಕ್ರಿಯೆಯ ಪದ, ಕಾಗದದ ಪದ

ಐ-ಎನ್-ಟಿ-ಇ-ಆರ್. ಇಂಟರ್ ಕಾಲೇಜು, ಇಂಟರ್ ಸಿಟಿ ಅನ್ನುವ ಹಾಗೆ ಮೊದಲಿಗೆ ಒತ್ತು ಕೊಟ್ಟರೆ ತಪ್ಪು. ಒತ್ತು ಎರಡನೆಯದರ ಮೇಲೆ, 'ರೆಫರ್' ಅನ್ನುವ ಹಾಗೆ. 'ರೆಫರ್ಡ್' ಬರೆಯುವಾಗ ಎರಡು ಆರ್ ಬರುತ್ತದಲ್ಲ, 'ಇಂಟರ್ಡ್'ಗೂ ಎರಡು ಆರ್ ಬರುವುದು ಈ ಒತ್ತಿನಿಂದಲೇ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅದರ ಮೇಲೆ ಕೋರ್ಟು, ಕಚೇರಿ, ಚರ್ಚುಗಳ ಬಾಗಿಲಿನಿಂದ ಫ್ರೆಂಚ್ ಪದಗಳು ನುಗ್ಗಿದವು. 'ಇಂಟರ್' ಆ ಗುಂಪಿನದು. ಲ್ಯಾಟಿನ್ ಮೂಲಕ್ಕೆ ಹೋದರೆ 'ಇನ್' ಅಂದರೆ ಒಳಗೆ, 'ತೆರ್ರಾ' ಅಂದರೆ ಮಣ್ಣು. ಅಕ್ಷರಕ್ಕೆ ಅಕ್ಷರ ನೋಡಿದರೆ ನಮ್ಮ 'ಮಣ್ಣು ಮಾಡು' ಇದಕ್ಕೇ ಹತ್ತಿರ. ಆದರೆ ಬಳಕೆಯಲ್ಲಿ ಎರಡೂ ದೂರ ದೂರ. 'ಮಣ್ಣು ಮಾಡಿದೆವು' ಎಂದು ನಾವು ಜಗಲಿಯಲ್ಲಿ ಕೂತು ಹೇಳುತ್ತೇವೆ. 'ಇಂಟರ್' ಎಂದು ಇಂಗ್ಲಿಷಿನವರು ಜಗಲಿಯಲ್ಲಿ ಕೂತು ಹೇಳುವುದಿಲ್ಲ. ಅದು ಪತ್ರಿಕೆಯಲ್ಲಿ, ಸ್ಮಶಾನದ ದಾಖಲೆಯಲ್ಲಿ, ಇತಿಹಾಸದ ಪುಸ್ತಕದಲ್ಲಿ ಕಾಣುವ ಪದ.

ಇದಕ್ಕೆ ಸಲ್ಲುವುದು ಮುಖ್ಯವಾಗಿ ಮನುಷ್ಯರ ದೇಹ, ಮೂಳೆ, ಚಿತಾಭಸ್ಮ. ಜೊತೆಗೆ ಏನೋ ಒಂದು ಕ್ರಮ ನಡೆದಿರಬೇಕು. ಯಾರೋ ಕೊಂದು ಕಾಡಿನಲ್ಲಿ ಮುಚ್ಚಿಟ್ಟ ಹೆಣಕ್ಕೆ 'ಇಂಟರ್' ಬರುವುದಿಲ್ಲ. ಚಿನ್ನಕ್ಕೆ, ಕೇಬಲ್ಲಿಗೆ, ಗೊಬ್ಬರಕ್ಕೆ ಖಂಡಿತ ಬರುವುದಿಲ್ಲ. ಕಾವ್ಯದ ಮಾತು ಬೇರೆ. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿ ಒಂದೇ ಭಾಷಣದಲ್ಲಿ ಎರಡನ್ನೂ ಬಳಸುತ್ತಾನೆ. ಸೀಸರನ ದೇಹದ ಮಾತಿಗೆ 'ಬೆರಿ'. ಸತ್ತವರ ಮೂಳೆಯ ಜೊತೆ ಅವರ ಒಳ್ಳೆಯತನವೂ ಮಣ್ಣಿಗೆ ಹೋಗುತ್ತದೆ ಎನ್ನುವಾಗ 'ಇಂಟರ್'.

'ಇಂಟರ್'ಗೆ ಎರಡು ಅನುಕೂಲ ಇದೆ. ಒಂದು, ಮಣ್ಣಿನ ಗುಂಡಿಯೇ ಇರಬೇಕೆಂಬ ಹಟ ಅದಕ್ಕೆ ಉಳಿದಿಲ್ಲ. ಹೊರದೇಶದ ಸ್ಮಶಾನಗಳಲ್ಲಿ ಗೋಡೆಯ ಗೂಡಿನಲ್ಲಿ ಭಸ್ಮದ ಕರಡಿಗೆ ಇಟ್ಟರೂ ದಾಖಲೆಯಲ್ಲಿ 'ಇಂಟರ್ಮೆಂಟ್' ಎಂದು ಬರೆಯುವುದುಂಟು. ಎರಡು, ಅದು ಒಂದು ಹೆಜ್ಜೆಯನ್ನು ಮಾತ್ರ ತೋರಿಸುತ್ತದೆ. 'ಬೆರಿಯಲ್' ಅಂದರೆ ಇಡೀ ಅಂತ್ಯಕ್ರಿಯೆ ಎಂಬ ಅರ್ಥವೂ ಬರಬಹುದು. 'ಇಂಟರ್ಮೆಂಟ್' ಅಂದರೆ ಇಳಿಸಿ ಇಡುವ ಆ ಗಳಿಗೆ ಮಾತ್ರ. ಪ್ರಾರ್ಥನೆ ಚರ್ಚಿನಲ್ಲಿ ಎರಡು ಗಂಟೆಗೆ, ಮಣ್ಣು ಮಾಡುವುದು ಊರಾಚೆಯ ಸ್ಮಶಾನದಲ್ಲಿ ನಾಲ್ಕು ಗಂಟೆಗೆ ಎಂದಿಟ್ಟುಕೊಳ್ಳಿ. ಎರಡನೆಯದಕ್ಕೆ 'ಇಂಟರ್ಮೆಂಟ್' ಎಂದು ಹಾಕಿದರೆ ದೂರದಿಂದ ಬರುವ ನೆಂಟರಿಗೆ ಯಾವಾಗ ಎಲ್ಲಿಗೆ ಬರಬೇಕೆಂದು ಸ್ಪಷ್ಟವಾಗುತ್ತದೆ.

ಒಂದು ಅಕ್ಷರದ ಅಪಾಯ

ಇದನ್ನು ಹೇಳಲೇಬೇಕು. ನಮ್ಮ ಮನೆಯಲ್ಲೇ ನಡೆದದ್ದು. ನನ್ನ ದೊಡ್ಡಪ್ಪ ತೀರಿಕೊಂಡಾಗ ಪತ್ರಿಕೆಗೆ ಇಂಗ್ಲಿಷ್ ಪ್ರಕಟಣೆ ಕೊಟ್ಟಿದ್ದೆವು. ನಾನು ಬರೆದದ್ದು 'ಇಂಟರ್ಡ್'. ಅಚ್ಚಾಗಿ ಬಂದದ್ದು 'ಇಂಟರ್ನ್ಡ್'. ಟೈಪ್ ಮಾಡಿದವರಿಗೆ ಕೇಳಿ ಗೊತ್ತಿದ್ದ ಪದ ಅದು, ಕೈ ಅಲ್ಲಿಗೇ ಹೋಗಿದೆ. 'ಇಂಟರ್ನ್' ಅಂದರೆ ಯುದ್ಧಕಾಲದಲ್ಲಿ ಶತ್ರು ದೇಶದವರನ್ನು ಹಿಡಿದು ಕ್ಯಾಂಪಿನಲ್ಲಿ ಕೂಡಿ ಹಾಕುವುದು. ಮೊದಲ ಮಹಾಯುದ್ಧದಲ್ಲಿ ಇಲ್ಲಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಅಹ್ಮದ್‌ನಗರಕ್ಕೆ ಕಳಿಸಿದರಲ್ಲ, ಅದು ಇಂಟರ್ನ್‌ಮೆಂಟ್. ದೊಡ್ಡಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಯಾರೋ ಬಂದು ಅರ್ಥ ಹೇಳಿದರು. ಅವತ್ತು ಅವರು ಅತ್ತದ್ದು ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲಿಂದ ನನ್ನದೊಂದು ನಿಯಮ. ಬರೆಯುವವರು, ಟೈಪ್ ಮಾಡುವವರು, ಕೆತ್ತುವವರು ಮೂವರೂ ಬೇರೆ ಬೇರೆ ಕೈ ಆಗಿದ್ದರೆ 'ಇಂಟರ್' ಬೇಡ. 'ಬೆರೀಡ್' ತಪ್ಪಾದರೆ ಬರೀ ಕಾಗುಣಿತದ ತಪ್ಪು ಆಗುತ್ತದೆ. 'ಇಂಟರ್ಡ್' ತಪ್ಪಾದರೆ ಇನ್ನೊಂದು ಪದವೇ ಆಗಿಬಿಡುತ್ತದೆ, ಕಂಪ್ಯೂಟರೂ ಅದನ್ನು ಹಿಡಿಯುವುದಿಲ್ಲ. ಎರಡು ಆರ್‌ನಲ್ಲಿ ಒಂದು ಬಿಟ್ಟುಹೋಗುವುದೂ ಬಹಳ ಸಾಮಾನ್ಯ.

ಬೇರೆ ಪದಗಳು, ಚುಟುಕಾಗಿ

'ಎಂಟೂಮ್' ಅಂದರೆ ಕಟ್ಟಿದ ಸಮಾಧಿಯ ಒಳಗೆ ಇಡುವುದು. ಕಟ್ಟಡ ಇಲ್ಲದಿದ್ದರೆ ಬಳಸಬೇಡಿ. 'ಇನ್‌ಹ್ಯೂಮ್' ಪುರಾತತ್ವದವರ ಪದ. ಸೋಮವಾರಪೇಟೆ ಕಡೆಯ ಬೃಹತ್ ಶಿಲಾಯುಗದ ಕಲ್ಮನೆಗಳಿವೆಯಲ್ಲ, ಅಂಥವುಗಳ ವರದಿಯಲ್ಲಿ ಅದು ಸಿಗಬಹುದು. ಮನೆಯ ಪ್ರಕಟಣೆಗೆ ಬೇಡ. 'ಲೇಯ್ಡ್ ಟು ರೆಸ್ಟ್' ಮೃದುವಾಗಿದೆ, ವಿಶ್ರಾಂತಿಗೆ ಮಲಗಿಸಿದರು ಎಂಬ ಅರ್ಥ, ದೇಹವೋ ಭಸ್ಮವೋ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಉದ್ದ. 'ಬೆರೀಡ್'ಗೆ 6 ಅಕ್ಷರ, 'ಇಂಟರ್ಡ್'ಗೆ 8, ಇದಕ್ಕೆ 10. ಕಲ್ಲು ಚಿಕ್ಕದಾದರೆ ಈ ಲೆಕ್ಕ ದೊಡ್ಡದೇ.

ನಿಮ್ಮ ಸಂದರ್ಭ ಯಾವುದು?

*ಮನೆಯವರ ಸಮಾಧಿ ಕಲ್ಲು.* 'ಬೆರೀಡ್'. ಖರ್ಚೂ ಕಡಿಮೆ, ಅಪಾಯವೂ ಕಡಿಮೆ, ಓದುವ ಮೊಮ್ಮಗನಿಗೂ ತಕ್ಷಣ ತಿಳಿಯುತ್ತದೆ. ಮಸೀದಿಯ ಖಬರ್‌ಸ್ಥಾನದಲ್ಲಿ ದಫನ್ ಆದವರಿಗೂ, ಚರ್ಚಿನ ಹಿತ್ತಿಲಲ್ಲಿ ಮಲಗಿದವರಿಗೂ ಇದು ಸರಿ. ಊರಿನ ಬೇರೆ ಕಲ್ಲುಗಳಲ್ಲಿ 'ಇಂಟರ್ಡ್' ಇದೆ, ಅದರ ಸಾಲಿಗೇ ಹೊಂದಬೇಕು ಎಂದಿದ್ದರೆ ಮಾತ್ರ ಅದನ್ನು ಆರಿಸಿ.

*ಪತ್ರಿಕೆಯ ಪ್ರಕಟಣೆ.* ಕೊಡವರಲ್ಲಿ ಹೂಳುವುದೂ ಇದೆ, ಸುಡುವುದೂ ಇದೆ. ಇಂಗ್ಲಿಷ್ ಪ್ರಕಟಣೆಯಲ್ಲಿ ಸುಮ್ನೆ ಅಭ್ಯಾಸ ಬಲದಿಂದ 'ಬೆರಿಯಲ್' ಎಂದು ಹಾಕಬೇಡಿ. ಮೊದಲು ಮನೆಯವರನ್ನು ಕೇಳಿ. ಇನ್ನೂ ತೀರ್ಮಾನ ಆಗಿಲ್ಲವಾದರೆ 'ಫ್ಯೂನರಲ್' ಎಂದು ಬರೆಯಿರಿ, ಎರಡಕ್ಕೂ ಸಲ್ಲುತ್ತದೆ. ಸಮಯ, ಸ್ಥಳ ಎರಡೆರಡು ಇದ್ದರೆ ಮೇಲೆ ಹೇಳಿದ ಹಾಗೆ 'ಇಂಟರ್ಮೆಂಟ್' ಉಪಯೋಗಕ್ಕೆ ಬರುತ್ತದೆ.

*ಚಿತಾಭಸ್ಮ.* ಭಾಗಮಂಡಲದಲ್ಲಿ ಕಾವೇರಿಗೆ ಬಿಟ್ಟರೆ ಎರಡೂ ಪದ ತಪ್ಪು. ಅದಕ್ಕೆ 'ಇಮ್ಮರ್ಸ್ಡ್' ಎನ್ನಬೇಕು. ಒಂದು ಪಾಲು ಇಲ್ಲಿ ನದಿಗೆ ಬಿಟ್ಟು, ಇನ್ನೊಂದು ಪಾಲನ್ನು ಮಕ್ಕಳು ಹೊರದೇಶದ ಸ್ಮಶಾನದ ಗೂಡಿನಲ್ಲಿ ಇಡುವುದೂ ಈಗ ಇದೆ. ಆ ಎರಡನೆಯದಕ್ಕೆ 'ಇಂಟರ್ಡ್' ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ. ಗೂಡಿನಲ್ಲಿಟ್ಟದ್ದನ್ನು 'ಬೆರೀಡ್' ಅಂದರೆ ಮಣ್ಣು ಎಲ್ಲಿದೆ ಎಂದು ಓದುವವರು ಹುಡುಕುತ್ತಾರೆ.

*ಗದ್ದುಗೆ, ಇತಿಹಾಸದ ಬರಹ.* ಇಲ್ಲಿ ನಾನು 'ಇಂಟರ್' ಪರ. ಮಡಿಕೇರಿಯ ಗದ್ದುಗೆಯಲ್ಲಿ 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರ ಇದ್ದಾರೆ, 1820ರಲ್ಲಿ ತೀರಿಕೊಂಡ ಲಿಂಗರಾಜೇಂದ್ರ ಇದ್ದಾರೆ. ಕೊಡಗನ್ನು ಆಳಿದ ಈ ಹಾಲೇರಿ ಮನೆತನದ ರಾಜರು ವೀರಶೈವರು. ವಿಧಿಪೂರ್ವಕ ಸಮಾಧಿ, ಮೇಲೆ ಗುಮ್ಮಟದ ಕಟ್ಟಡ, ಓದುವವರು ಅಪರಿಚಿತ ಪ್ರವಾಸಿಗರು. ಮೂರೂ 'ಇಂಟರ್' ಕಡೆಗೇ ತೂಗುತ್ತವೆ. 'ಎಂಟೂಮ್' ಕೂಡ ತಪ್ಪಲ್ಲ. ಆದರೆ ಅದು ಕಟ್ಟಡದ ಕಡೆಗೆ ಜಾಸ್ತಿ ಗಮನ ಎಳೆಯುತ್ತದೆ. ಇದೇ ಮನೆತನದ ರಾಜಕುಮಾರಿ ಗೌರಮ್ಮ 1864ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡಳು, ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಅವಳ ಬಗ್ಗೆ ಬರೆಯುವಾಗ ಮಾತ್ರ ನನ್ನ ಕೈ 'ಬೆರೀಡ್'ಗೇ ಹೋಗುತ್ತದೆ. ತಾಯ್ನೆಲ ಬಿಟ್ಟು ಅಷ್ಟು ದೂರ ಹೋದ ಹುಡುಗಿಗೆ ದಾಖಲೆಯ ಪದ ಬೇಡ ಅನಿಸುತ್ತದೆ. ಇದು ವ್ಯಾಕರಣದ ಮಾತಲ್ಲ, ನನ್ನ ಮನಸ್ಸಿನದು. ನೀವು 'ಇಂಟರ್ಡ್' ಅಂದರೂ ತಪ್ಪಿಲ್ಲ.

*ಭೂಕುಸಿತದ ವರದಿ.* ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2018ರ ಆಗಸ್ಟ್ ನೆನಪಿಲ್ಲದವರು ಕೊಡಗಿನಲ್ಲಿ ಇಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಇಂಥ ಕಡೆ 'ಇಂಟರ್ಡ್' ಬರೆದರೆ ದೊಡ್ಡ ತಪ್ಪು. ಯಾರೂ ಕ್ರಿಯೆ ಮಾಡಿ ಇಟ್ಟದ್ದಲ್ಲ, ಮಣ್ಣು ಬಂದು ಮುಚ್ಚಿದ್ದು. 'ಬೆರೀಡ್' ಒಂದೇ ಸರಿ.

ತೊಡಕು ಬರುವುದು ಆಮೇಲೆ. ದೇಹ ಸಿಕ್ಕಿತು, ಹೊರಗೆ ತೆಗೆದರು, ಊರವರು ಸೇರಿ ಮಣ್ಣು ಮಾಡಿದರು ಎಂದು ಒಂದೇ ಸಾಲಿನಲ್ಲಿ ಬರೆಯಬೇಕಾಗುತ್ತದೆ. ಎರಡು ಕಡೆಯೂ 'ಬೆರೀಡ್' ಹಾಕಿದರೆ ಗುಡ್ಡ ಮಾಡಿದ್ದೂ ಊರವರು ಮಾಡಿದ್ದೂ ಒಂದೇ ಆಗಿ ಕಾಣುತ್ತದೆ. ಓದುವ ಮನೆಯವರಿಗೆ ಅದು ನೋವು. ಅಲ್ಲಿ ಎರಡನೆಯದಕ್ಕೆ 'ಇಂಟರ್ಡ್' ಅಥವಾ 'ಲೇಯ್ಡ್ ಟು ರೆಸ್ಟ್' ಬಳಸಿ. ಕನ್ನಡದಲ್ಲೂ ನಾವು ಹೀಗೇ ಮಾಡುತ್ತೇವೆ. 'ಮಣ್ಣಿನಲ್ಲಿ ಹೂತುಹೋಗಿದ್ದವರನ್ನು ತೆಗೆದು ಸಮಾಧಿ ಮಾಡಿದರು' ಎನ್ನುತ್ತೇವೆ, 'ತೆಗೆದು ಹೂತರು' ಎನ್ನುವುದಿಲ್ಲ. 'ಇಂಟರ್' ಪದದ ಬೆಲೆ ನನಗೆ ನಿಜವಾಗಿ ತಿಳಿದದ್ದು ಆ ಮಳೆಗಾಲದ ವರದಿಗಳನ್ನು ತಿದ್ದುವಾಗ.

*ಪ್ರಾಣಿಗಳು.* ಹಂದಿಗೆ ಜ್ವರ ಬಂದು ಸತ್ತಾಗ ಗುಂಡಿ ತೋಡಿ ಮುಚ್ಚುವುದಕ್ಕೆ 'ಬೆರಿ' ಅಷ್ಟೇ. ಸಾಕಿದ ನಾಯಿಗೂ ಅದೇ ಸಾಕು, ಪ್ರೀತಿ ಅದರಲ್ಲೇ ಇದೆ. ಆದರೆ ದಸರಾ ಆನೆ ಅರ್ಜುನನ ವಿಷಯ ಬಂದಾಗ ನಾನು ಸ್ವಲ್ಪ ನಿಂತೆ. 2023ರ ಡಿಸೆಂಬರಿನಲ್ಲಿ ಪಕ್ಕದ ಹಾಸನ ಜಿಲ್ಲೆಯ ಯಸಳೂರು ಕಾಡಿನಲ್ಲಿ ಅವನು ಸತ್ತ. ಅಂಬಾರಿ ಹೊತ್ತವನು. ಅಲ್ಲೇ ಸರ್ಕಾರಿ ಗೌರವದೊಂದಿಗೆ, ಪೂಜೆ ಮಾಡಿ ಮಣ್ಣು ಮಾಡಿದರು. ಕ್ರಿಯೆ ಇದೆ, ಗೌರವ ಇದೆ, ಸೇರಿದ ಜನರ ಅಳು ಇದೆ. 'ಇಂಟರ್ಡ್' ಎಂದು ಯಾರಾದರೂ ಬರೆದರೆ ನಾನು ಹೊಡೆದು ಹಾಕುವುದಿಲ್ಲ. ನಾನೇ ಬರೆಯುವುದಾದರೆ 'ಬೆರೀಡ್ ವಿತ್ ಸ್ಟೇಟ್ ಆನರ್ಸ್' ಎನ್ನುತ್ತೇನೆ. ಗೌರವದ ಮಾತನ್ನು ಬಿಡಿಸಿ ಹೇಳಿದ ಮೇಲೆ ಕ್ರಿಯಾಪದಕ್ಕೆ ಆ ಭಾರ ಹೊರಿಸಬೇಕಾಗಿಲ್ಲ.

*ಕಚೇರಿಯ ಕಾಗದ.* ಅರ್ಜಿಯ ನಮೂನೆಯಲ್ಲಿ ಯಾವ ಪದ ಇದೆಯೋ ಅದನ್ನೇ ಹಿಡಿಯಿರಿ. ಅಲ್ಲಿ 'ಬೆರಿಯಲ್' ಇದ್ದು ನೀವು 'ಇಂಟರ್ಮೆಂಟ್' ಎಂದು ತುಂಬಿದರೆ ಗುಮಾಸ್ತರು ಬೇರೆ ಸಂಗತಿ ಎಂದುಕೊಂಡು ವಾಪಸ್ ಕಳಿಸಬಹುದು. ಹೂತ ದೇಹವನ್ನು ತನಿಖೆಗಾಗಿ ಹೊರತೆಗೆಯುವುದಕ್ಕೆ ಪೊಲೀಸರು 'ಎಗ್ಸ್‌ಹ್ಯೂಮ್' ಎನ್ನುತ್ತಾರೆ. 'ಡಿಸ್‌ಇಂಟರ್' ಎಂಬ ಪದ ಇದ್ದರೂ ನಮ್ಮ ಕಾಗದಗಳಿಗೆ ಬೇಕಾಗುವುದಿಲ್ಲ.

ಯಾವ ಪದ ಆರಿಸಿದರೂ ಸರಿ, ಕಲ್ಲಿಗೆ ಉಳಿ ಬೀಳುವ ಮುಂಚೆ ಕಾಗದದಲ್ಲಿ ಅದೇ ಅಳತೆಗೆ ದೊಡ್ಡದಾಗಿ ಬರೆಸಿ. ಹಿಂದಿನಿಂದ ಮುಂದಕ್ಕೆ ಒಂದೊಂದೇ ಅಕ್ಷರ ಓದಿ. ನೇರವಾಗಿ ಓದಿದರೆ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಹೋಗಿಬಿಡುತ್ತದೆ. ಮನೆಯಲ್ಲಿ ಇನ್ನೊಬ್ಬರಿಂದಲೂ ಓದಿಸಿ.

ವಿರಾಜಪೇಟೆಯವರಿಗೆ ಇಷ್ಟನ್ನೂ ಹೇಳಿದೆ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದರು. ಇಂಗ್ಲಿಷ್ ಬದಿಯಲ್ಲಿ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಅದರ ಕೆಳಗೆ 'ಬೆರೀಡ್ ಹಿಯರ್' ಎಂದು ಮಕ್ಕಳೇ ಒಪ್ಪಿದ್ದಾರಂತೆ. ಉಳಿದ ಜಾಗದಲ್ಲಿ ಚಿಕ್ಕಮ್ಮ ನೆಟ್ಟ ಕಾಫಿ ಗಿಡದ ಒಂದು ಟೊಂಗೆ ಕೆತ್ತಿಸುತ್ತಾರಂತೆ, ಕಾಯಿ ಸಮೇತ.